ಡೇಟಾಬೇಸ್ ಅಡ್ಮಿನ್ ಅಂದರೆ ಟೈಪ್ ಮಾಡುವವರಾ? ಕಲಾ ಸಂಸ್ಥೆಗಳ ಕಥೆ ಬೇರೆ

ಡೇಟಾ ಎಂಟ್ರಿ ಆಪರೇಟರ್ ಮತ್ತು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಒಂದೇ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಮೊದಲನೆಯವರು ಮಾಹಿತಿ ತುಂಬುತ್ತಾರೆ. ಅದು ಸರಿಯಿದೆಯೇ, ಯಾರು ನೋಡಬಹುದು, ಕಂಪ್ಯೂಟರ್ ಕೆಟ್ಟರೆ ವಾಪಸ್ ಸಿಗುತ್ತದೆಯೇ ಎಂಬುದೆಲ್ಲ ಎರಡನೆಯವರ ಹೊಣೆ.

ಹಾವೇರಿ ಜಿಲ್ಲೆಯನ್ನೇ ನೋಡಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಊರೂರಲ್ಲಿ ಡೊಳ್ಳು, ಭಜನೆ, ಪುರವಂತಿಕೆ ತಂಡಗಳಿವೆ. ಇಂಥ ಕಲಾವಿದರ ಪಟ್ಟಿ ಮಾಡುವಾಗ ಒಬ್ಬರು 'ರಾಣೆಬೆನ್ನೂರು' ಎಂದು, ಇನ್ನೊಬ್ಬರು 'ರಾಣಿಬೆನ್ನೂರು' ಎಂದು ಬರೆದರೆ ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. 'ಬ್ಯಾಡಗಿ', 'ಬ್ಯಾಡ್ಗಿ' ಕಥೆಯೂ ಅಷ್ಟೇ (ಮೆಣಸಿನಕಾಯಿ ಮಾತ್ರ ಹೇಗೆ ಬರೆದರೂ ಮಾರಾಟವಾಗುತ್ತದೆ!). ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳನ್ನು ಯುನಿಕೋಡ್‌ಗೆ ಬದಲಿಸದಿದ್ದರೆ ಹುಡುಕಿದಾಗ ಸಿಗುವುದೇ ಇಲ್ಲ.

ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಅರ್ಜಿಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರಿದ್ದರೆ ಅಜ್ಜ ಕಚೇರಿಗೆ ಅಲೆಯಬೇಕಾಗುತ್ತದೆ.

ಸಣ್ಣ ಸಂಘಗಳಲ್ಲಿ ಈ ಹುದ್ದೆಯೇ ಇರುವುದಿಲ್ಲ. ಕಾರ್ಯದರ್ಶಿಯೋ ಲೆಕ್ಕ ಬರೆಯುವವರೋ ಇದನ್ನೂ ನೋಡಿಕೊಳ್ಳುತ್ತಾರೆ. ಹೆಸರು ಏನೇ ಇರಲಿ, ಹೊಣೆ ಒಬ್ಬರದ್ದಾಗಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಯಾರದೂ ಅಲ್ಲದಿದ್ದಾಗಲೇ ಆಧಾರ್, ಬ್ಯಾಂಕ್ ಖಾತೆ ನಂಬರ್ ಇರುವ ಎಕ್ಸೆಲ್ ಪಟ್ಟಿ ವಾಟ್ಸಾಪ್ ಗುಂಪಿಗೆ ಬೀಳುವುದು. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಅಂಥ ಪಟ್ಟಿ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಹಾಕಿದವರಿಗೆ ಹೇಳಿ ಅಳಿಸಿಸಿ.