ಬೀಗಕ್ಕೂ ಮೊದಲು ಚಕ್ರ ನೋಡಿ

ಸಂಘದ ಸಾಲ ತೀರುವ ಮೊದಲೇ ಗಾಡಿ ಕಳುವಾದರೆ ನಮಗೆ ಉಳಿಯೋದು ಕಂತು ಮಾತ್ರ! ಆಲೂರಿನಲ್ಲಿ ಸ್ಕೂಟರ್ ನಿಲ್ಲಿಸಿ ಹಾಸನದ ಬಸ್ ಹತ್ತುವ ನನ್ನಂಥವರಿಗೆ ದಿನವಿಡೀ ಅದೇ ಚಿಂತೆ. ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ, ಬಲವಾಗಿ ತಿರುಚಿದರೆ ಮುರಿಯುತ್ತೆ. ಡಿಸ್ಕ್ ಲಾಕ್ ಕೊಳ್ಳುವ ಮುನ್ನ ಚಕ್ರ ನೋಡಿ; ಡ್ರಮ್ ಬ್ರೇಕ್ ಇದ್ದರೆ ಅದು ಕೂರೋದೇ ಇಲ್ಲ. ಅಂಥ ಗಾಡಿಗೆ ದಪ್ಪ ಸರಪಳಿಯೇ ಸರಿ. ಚಕ್ರಕ್ಕಷ್ಟೇ ಸುತ್ತಿದರೆ ಗಾಡಿಯನ್ನೇ ಎತ್ತಿಕೊಂಡು ಹೋದಾರು, ಕಂಬಕ್ಕೂ ಸೇರಿಸಿ ಬಿಗಿಯಿರಿ. ನಮ್ಮ ಮಳೆಗೆ ಬೀಗ ತುಕ್ಕು ಹಿಡಿಯುತ್ತೆ, ಆಗಾಗ ಎಣ್ಣೆ ಬಿಡಿ. ನೆನಪಿರಲಿ, ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳವಿಗೆ ಬಿಡಿಗಾಸೂ ಸಿಗೋದಿಲ್ಲ. ‘ಬೀಗಕ್ಕೆ ಯಾಕೆ ದುಡ್ಡು ದಂಡ?’ ಅನ್ನೋ ಮನೆಯವರಿಗೆ ನನ್ನ ಉತ್ತರ ಇಷ್ಟೇ: ಒಡವೆಗೆ ಬೀರು ಬೇಕಾದರೆ ಗಾಡಿಗೆ ಸರಪಳಿ ಬೇಡವೇ?