ಹಳೆಯ ಸುಟ್ಟ ಕಲೆ: ಲೇಸರ್‌ನಿಂದ ಪೂರ್ತಿ ಹೋಗುತ್ತದೆಯೇ?

ಬಚ್ಚಲ ಹಂಡೆಯ ಬಿಸಿನೀರು, ಒಲೆಯ ಬೆಂಕಿ, ಬೈಕಿನ ಸೈಲೆನ್ಸರ್... ಸುಟ್ಟ ಗಾಯಕ್ಕೆ ಕಾರಣ ಹಲವು. ಗಾಯ ಮಾಗಿ ವರ್ಷಗಳಾದರೂ ಕಲೆ ಉಳಿಯುತ್ತದೆ. ‘ಲೇಸರ್ ಮಾಡಿಸಿದರೆ ಕಲೆಯೇ ಇರುವುದಿಲ್ಲ’ ಎಂಬ ಮಾತು ನಂಬಿ ಸಾಲ ಮಾಡುವ ಮೊದಲು ಕೆಲವು ವಿಷಯ ತಿಳಿದಿರಲಿ.

ಕಲೆ ಏಕೆ ಉಳಿಯುತ್ತದೆ?
ಗಾಯ ಚರ್ಮದ ಒಳಪದರಕ್ಕೆ ಇಳಿದರೆ ದೇಹವು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್‌ನಿಂದ ತೇಪೆ ಹಾಕುತ್ತದೆ. ಮೊದಲಿನ ಚರ್ಮದ ನೇಯ್ಗೆ ಅಲ್ಲಿ ಮರಳುವುದಿಲ್ಲ. ಆದ್ದರಿಂದ ಕಲೆಯನ್ನು ಪೂರ್ತಿ ಅಳಿಸುವ ಲೇಸರ್ ಯಾವುದೂ ಇಲ್ಲ.

ಲೇಸರ್ ಏನು ಮಾಡುತ್ತದೆ?
ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ (10,600 ನ್ಯಾನೋಮೀಟರ್) ಕಲೆಯಲ್ಲಿ ಅತಿ ಸಣ್ಣ ರಂಧ್ರಗಳನ್ನು ಕೊರೆಯುತ್ತದೆ. ನಡುನಡುವೆ ಉಳಿದ ಚರ್ಮದಿಂದ ಅವು ಬೇಗ ಮಾಗುತ್ತವೆ. ಕೊಲಾಜೆನ್ ಮರುಜೋಡಣೆಯಾಗಿ ಕಲೆ ಮೆತ್ತಗಾಗುತ್ತದೆ. ಕಲೆ ಇನ್ನೂ ಕೆಂಪಾಗಿದ್ದರೆ ರಕ್ತನಾಳಗಳನ್ನು ಗುರಿಯಾಗಿಸುವ ಪಲ್ಸ್ಡ್ ಡೈ ಲೇಸರ್ (595 ನ್ಯಾನೋಮೀಟರ್) ಬಳಸುತ್ತಾರೆ. ದಪ್ಪ, ಬಿಗಿತ, ತುರಿಕೆ ಕಡಿಮೆಯಾಗಬಹುದು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕಾಗುತ್ತದೆ.

ಕಪ್ಪಾಗುವ ಅಪಾಯ
ಕಂದು ಮೈಬಣ್ಣದವರಲ್ಲಿ ಲೇಸರ್ ನಂತರ ಆ ಜಾಗ ಇನ್ನಷ್ಟು ಕಪ್ಪಾಗಬಹುದು. ಹೊಲ, ತೋಟದ ಬಿಸಿಲಲ್ಲಿ ದುಡಿಯುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸಣ್ಣ ಭಾಗದಲ್ಲಿ ಪರೀಕ್ಷಿಸಿ ಮುಂದುವರಿಯುವಂತೆ ಕೇಳಿ.

ಲೇಸರ್‌ಗಿಂತ ಮೊದಲು
ಕುತ್ತಿಗೆ, ಮೊಣಕೈ ಅಥವಾ ಬೆರಳು ಎಳೆದುಕೊಂಡು ಚಾಚಲು ಆಗದಿದ್ದರೆ ಮೊದಲು ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಯುಷ್ಮಾನ್ ಯೋಜನೆಯಲ್ಲಿ ಕೇವಲ ಅಂದಕ್ಕಾಗಿ ಮಾಡುವ ಚಿಕಿತ್ಸೆ ಸೇರುವುದಿಲ್ಲ. ಅಂಗ ಆಡದಂತಾಗಿದ್ದರೆ ಅದು ಬೇರೆ ಮಾತು. ಕಾರ್ಡ್ ತೋರಿಸಿ ವಿಚಾರಿಸಿ. ಹಳೆಯ ಕಲೆಯ ಮೇಲೆ ಹುಣ್ಣೆದ್ದು ವಾರಗಟ್ಟಲೆ ಮಾಯದಿದ್ದರೆ ತಡಮಾಡಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು. ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಎಲ್ಲಿ ವಿಚಾರಿಸಬೇಕು?
ಕಡೂರಿನವರು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ, ತರೀಕೆರೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವೈದ್ಯರಿಗೆ ಮೊದಲು ತೋರಿಸಬಹುದು. ಅಜ್ಜಂಪುರದವರು ಎರಡರಲ್ಲಿ ಅನುಕೂಲವಾದ ಕಡೆ ಹೋಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೆಂದೇ ಮಹಾಬೋಧಿ ಕೇಂದ್ರವಿದೆ.

ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಲೇಸರ್? ಒಟ್ಟು ಎಷ್ಟು ಸಲ? ನನ್ನಂಥ ಮೈಬಣ್ಣದವರಲ್ಲಿ ಫಲ ಹೇಗಿದೆ? ಪ್ರತಿ ಸಲದ ಪ್ರಯಾಣದ ಖರ್ಚು, ತಪ್ಪುವ ಕೂಲಿ ಎರಡನ್ನೂ ಲೆಕ್ಕಕ್ಕೆ ಸೇರಿಸಿ. ‘ನೂರಕ್ಕೆ ನೂರು ಗ್ಯಾರಂಟಿ’ ಎಂಬ ಉತ್ತರ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.