ಮೋಡಕ್ಕೂ ಬೇಕು ವೈರ್‌ಮನ್

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ಬಂದ ಅಜ್ಜ-ಅಜ್ಜಿಯರು ನಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ಅಲ್ಲಿ ರಾಜಧಾನಿ ವಾಷಿಂಗ್ಟನ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಆಶ್‌ಬರ್ನ್ ಎಂಬ ಊರಿದೆ. ಆ ಸುತ್ತಿನಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟು. ಕಾವೇರಿ ಎಂಬ ಕನ್ನಡ ಸಂಘವೂ ಆ ಭಾಗದ್ದೇ. ಸಂಜೆ ವಾಕಿಂಗ್ ಹೋದವರು ಅಲ್ಲೊಂದು ವಿಚಿತ್ರ ಗಮನಿಸಿರಬಹುದು. ರಸ್ತೆಯ ಎರಡೂ ಕಡೆ ರಟ್ಟಿನ ಪೆಟ್ಟಿಗೆ ಇಟ್ಟ ಹಾಗೆ ದೊಡ್ಡ ದೊಡ್ಡ ಕಟ್ಟಡಗಳು. ಕಿಟಕಿ ಅಪರೂಪ. ಹೋಗಿ ಬರುವ ಜನ ಅದಕ್ಕಿಂತ ಅಪರೂಪ. ಗೋಡೌನ್ ಇರಬೇಕು ಎಂದುಕೊಂಡು ಮುಂದೆ ನಡೆದಿರುತ್ತೀರಿ. ನಿಮ್ಮ ಊಹೆ ತೀರಾ ತಪ್ಪಲ್ಲ, ಅಕ್ಕಿ ಬೇಳೆಯ ಬದಲು ಅಲ್ಲಿ ಬೇರೆ ಸಾಮಾನು ತುಂಬಿದ್ದಾರೆ ಅಷ್ಟೇ.

ಮಕ್ಕಳೇ, ಅಜ್ಜಿಯ ಹುಟ್ಟುಹಬ್ಬದ ಫೋಟೊ ಎಲ್ಲಿಟ್ಟಿದ್ದೀಯ ಅಂದರೆ ನೀವು 'ಕ್ಲೌಡ್‌ನಲ್ಲಿದೆ ತಾತ' ಅನ್ನುತ್ತೀರಿ. ಪಾಪ, ತಾತ ಆಕಾಶ ನೋಡುತ್ತಾರೆ. ಆ ಮೋಡ ಇರುವುದು ನೆಲದ ಮೇಲೆ, ಇಂಥ ಕಟ್ಟಡಗಳ ಒಳಗೆ. ಇವಕ್ಕೆ ಡೇಟಾ ಸೆಂಟರ್ ಎಂದು ಹೆಸರು. ಒಳಗೆ ಬೀರುಗಳ ಸಾಲು, ಬೀರುವಿನ ತುಂಬ ಸರ್ವರ್ ಎನ್ನುವ ಕಂಪ್ಯೂಟರುಗಳು. ನೀವು ನೋಡಿದ ವಿಡಿಯೊ, ಕಳಿಸಿದ ಸಂದೇಶ ಎಲ್ಲವೂ ಇಂಥ ಯಾವುದೋ ಬೀರುವಿನಲ್ಲಿ ಇರುತ್ತವೆ. ಅಪ್ಪ ಫೋನಿನಲ್ಲಿ ಕೊಟ್ಟ ತರಕಾರಿ ದುಡ್ಡಿನ ಲೆಕ್ಕ ಮಾತ್ರ ನಮ್ಮ ದೇಶದೊಳಗಿನ ಬೀರುವಿನಲ್ಲೇ ಇರಬೇಕು, ಹಾಗೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಆಜ್ಞೆ ಮಾಡಿದೆ.

ಆಶ್‌ಬರ್ನ್ ಇರುವುದು ಲೌಡನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಮೊದಲು ಅದು ಹೊಲ, ಹಸು, ಹಾಲು ಎಂದುಕೊಂಡಿದ್ದ ಸೀಮೆ. 1990ರ ದಶಕದಲ್ಲಿ ಇಂಟರ್‌ನೆಟ್ ಕಂಪನಿಗಳ ತಂತಿಗಳು ಒಂದಕ್ಕೊಂದು ಕೂಡುವ ಜಾಗ ಆ ಭಾಗದಲ್ಲೇ ಬೆಳೆಯಿತು. ಆಗಿನ ಕಾಲಕ್ಕೆ ದೊಡ್ಡ ಹೆಸರಾಗಿದ್ದ ಎಒಎಲ್ ಕಂಪನಿಯೂ ಅಲ್ಲಿಗೇ ಬಂತು. ಸಂತೆ ಕೂಡುವಲ್ಲಿ ಅಂಗಡಿ ಏಳುವುದು ಲೋಕರೂಢಿ. ಒಬ್ಬರ ಪಕ್ಕ ಇನ್ನೊಬ್ಬರು ಬಂದು ಕಟ್ಟುತ್ತಾ ಹೋದರು. ವರ್ಜೀನಿಯಾ ಶಾಸನಸಭೆಯ ಲೆಕ್ಕಪರಿಶೋಧನಾ ಆಯೋಗ 2024ರ ಡಿಸೆಂಬರ್‌ನಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಇಡೀ ಪ್ರಪಂಚದ ಡೇಟಾ ಸೆಂಟರ್ ಸಾಮರ್ಥ್ಯದಲ್ಲಿ ನೂರಕ್ಕೆ 13 ಪಾಲು ಉತ್ತರ ವರ್ಜೀನಿಯಾ ಒಂದರಲ್ಲೇ ಇದೆ.

ಇಷ್ಟನ್ನು ಕಟ್ಟುವವರು ಯಾರು? ಕಂಪ್ಯೂಟರ್ ಇಂಜಿನಿಯರು ಅಂತ ನೀವು ಹೇಳಬಹುದು. ಅವರ ಸರದಿ ಬರುವುದು ಕೊನೆಗೆ. ಅದಕ್ಕೆ ಮುಂಚೆ ಬೇಕಾದವರು ಎಲೆಕ್ಟ್ರಿಷಿಯನ್, ಪೈಪ್ ಫಿಟ್ಟರ್, ವೆಲ್ಡರ್, ಎಸಿ ಮೆಕ್ಯಾನಿಕ್, ಕ್ರೇನ್ ಓಡಿಸುವವರು. ಕಂಪನಿಗಳ ಬಳಿ ದುಡ್ಡಿದೆ, ಜಾಗವೂ ಸಿಗುತ್ತದೆ, ಈ ಕೈಗಳು ಮಾತ್ರ ಸಾಲುತ್ತಿಲ್ಲ. 2025ರಲ್ಲಿ ಗೂಗಲ್ ಕಂಪನಿ ಅಮೆರಿಕದ ಎಲೆಕ್ಟ್ರಿಷಿಯನ್ ತರಬೇತಿ ಸಂಸ್ಥೆಯೊಂದಕ್ಕೆ ನೆರವು ಘೋಷಿಸಿತು. ಈಗಾಗಲೇ ಕೆಲಸದಲ್ಲಿರುವ 1,00,000 ಜನರಿಗೆ ಹೊಸ ವಿದ್ಯೆ ಹೇಳಿಕೊಡುವುದು, 30,000 ಹೊಸ ಅಪ್ರೆಂಟಿಸ್‌ಗಳನ್ನು ತಯಾರು ಮಾಡುವುದು ಅದರ ಗುರಿ. ಕಂಪ್ಯೂಟರ್ ಕಂಪನಿ ವೈರಿಂಗ್ ಶಾಲೆಗೆ ದುಡ್ಡು ಹಾಕುತ್ತಿದೆ ಅಂದರೆ ಅಗತ್ಯ ಎಷ್ಟಿರಬೇಕು ನೋಡಿ.

ಇಷ್ಟೊಂದು ಎಲೆಕ್ಟ್ರಿಷಿಯನ್ ಯಾಕೆ ಬೇಕು? ಒಂದು ಚಿಕ್ಕ ಲೆಕ್ಕ ಮಾಡೋಣ. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆದು ನೋಡಿ, ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಅದು 3 ಕಿಲೋವಾಟ್ ಎಂದಿಟ್ಟುಕೊಳ್ಳಿ. ಒಂದು ಡೇಟಾ ಸೆಂಟರ್ ಕಟ್ಟಡಕ್ಕೆ 30 ಮೆಗಾವಾಟ್ ಬೇಕು ಅಂದರೆ 30,000 ಕಿಲೋವಾಟ್ ಆಯಿತು. ಭಾಗಿಸಿದರೆ ನಿಮ್ಮಂಥ 10,000 ಮನೆ. ಒಂದು ತಾಲ್ಲೂಕು ಕೇಂದ್ರವನ್ನೇ ಒಂದು ಕಟ್ಟಡದೊಳಗೆ ತುಂಬಿದ ಹಾಗೆ. ಅದೂ ಹಗಲು ರಾತ್ರಿ, ಹಬ್ಬ ಹುಣ್ಣಿಮೆ ರಜೆ ಇಲ್ಲದೆ.

ನಮ್ಮ ಮನೆಯಲ್ಲಿ ಕರೆಂಟ್ ಹೋದರೆ 'ಅಯ್ಯೋ, ಹೋಯ್ತಾ' ಅಂದು ಸುಮ್ಮನಾಗುತ್ತೇವೆ. ಅಲ್ಲಿ ಒಂದು ಸೆಕೆಂಡೂ ಹೋಗುವಂತಿಲ್ಲ. ಆದ್ದರಿಂದ ಸರ್ವರಿಗೆ ಕರೆಂಟ್ ತರುವ ದಾರಿ ಎರಡು, ಒಂದು ಕೆಟ್ಟರೆ ಇನ್ನೊಂದು. ಹೊರಗಿನ ಲೈನೇ ಹೋದರೆ ಆ ಕ್ಷಣಕ್ಕೆ ಬ್ಯಾಟರಿ ಕೈಹಿಡಿಯುತ್ತದೆ. ಅಷ್ಟರಲ್ಲಿ ಹೊರಗೆ ಸಾಲಾಗಿ ನಿಂತ ಡೀಸೆಲ್ ಜನರೇಟರುಗಳು ಗುಡುಗುತ್ತಾ ಎದ್ದು ಭಾರ ಹೊರುತ್ತವೆ. ಎಲ್ಲಕ್ಕೂ ಎರಡೆರಡು ಸಲ ವೈರಿಂಗ್ ಮಾಡಬೇಕು. ಮಗುವಿನ ತೋಳಿನಷ್ಟು ದಪ್ಪದ ಕೇಬಲ್ ಎಳೆಯಬೇಕು, ಬಗ್ಗಿಸಬೇಕು, ತುದಿಗೆ ಲಗ್ ಹಾಕಿ ಬೋಲ್ಟ್ ಬಿಗಿಯಬೇಕು.

ಈ ಬೋಲ್ಟ್ ಬಿಗಿಯುವುದರಲ್ಲೇ ಎಲ್ಲ ಇದೆ ಎನ್ನುತ್ತಾರೆ ಬಲ್ಲವರು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಸಡಿಲವಾಗಿದ್ದರೆ ಅದರ ಕಾಲು ಕಪ್ಪಾಗುವುದನ್ನು ನೋಡಿದ್ದೀರಲ್ಲ? ಸಡಿಲ ಇದ್ದಲ್ಲಿ ಬಿಸಿ, ಬಿಸಿ ಹೆಚ್ಚಿದಲ್ಲಿ ಬೆಂಕಿ. ಹಾಗಂತ ಶಕ್ತಿ ಬಿಟ್ಟು ತಿರುಗಿಸಿದರೆ ಬೋಲ್ಟೇ ಕೆಡುತ್ತದೆ. ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂದು ಅಳತೆ ಇದೆ. ಅದಕ್ಕೆ ಟಾರ್ಕ್ ರೆಂಚ್ ಎನ್ನುವ ಪಾನಾ ಇದೆ, ಅಳತೆ ಮುಟ್ಟಿದ ಕೂಡಲೇ ಟಕ್ ಎಂದು ತಿಳಿಸುತ್ತದೆ. ಬಿಗಿದಾದ ಮೇಲೆ ಬೋಲ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಬೋಲ್ಟ್ ಕೂದಲೆಳೆ ಜರುಗಿದರೂ ಗೆರೆ ಮುರಿದು ಕಾಣುತ್ತದೆ. ಬ್ಯಾಂಕಿನಲ್ಲಿ ನಾವು ಪ್ರತಿ ಎಂಟ್ರಿಗೂ ಟಿಕ್ ಹಾಕಿ ಸಣ್ಣ ಸಹಿ ಮಾಡುತ್ತಿದ್ದೆವು, ಇದೂ ಹಾಗೆಯೇ. ಇಂಥ ಸಾವಿರಾರು ಬೋಲ್ಟುಗಳು ಒಂದೊಂದು ಕಟ್ಟಡದಲ್ಲಿ ಇರುತ್ತವೆ.

ಇನ್ನು ಬಿಸಿ. ಕಂಪ್ಯೂಟರ್ ತಿಂದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ನಮ್ಮ 30 ಮೆಗಾವಾಟ್ ಕಟ್ಟಡದ ಲೆಕ್ಕಕ್ಕೆ, 2 ಕಿಲೋವಾಟಿನ 15,000 ಗೀಸರುಗಳನ್ನು ಒಂದೇ ಸೂರಿನಡಿ ಆನ್ ಮಾಡಿ ಆರಿಸುವುದನ್ನೇ ಮರೆತ ಹಾಗೆ! ಆ ಬಿಸಿಯನ್ನು ಹೊರಗೆ ಸಾಗಿಸಲು ತಣ್ಣೀರಿನ ದೊಡ್ಡ ಪೈಪುಗಳು, ಚಿಲ್ಲರ್ ಯಂತ್ರಗಳು, ಪಂಪುಗಳು. ಈಗಿನ ಕೃತಕ ಬುದ್ಧಿಮತ್ತೆಯ ಕಂಪ್ಯೂಟರುಗಳು ಇನ್ನೂ ಬಿಸಿ. ಅವುಗಳ ಚಿಪ್ಪಿನ ಮೈಗೇ ತಂಪು ದ್ರವ ಹರಿಸುತ್ತಾರೆ. ಕರೆಂಟಿನ ಪಕ್ಕದಲ್ಲೇ ನೀರು! ಒಂದು ವೆಲ್ಡಿಂಗ್ ಸೋರಿದರೆ ಏನಾದೀತು ಯೋಚಿಸಿ. ಅದಕ್ಕೇ ಒಳ್ಳೆಯ ಪೈಪ್ ವೆಲ್ಡರಿಗೆ ಅಲ್ಲಿ ಅಷ್ಟು ಮರ್ಯಾದೆ.

ಎಲ್ಲ ಮುಗಿದ ಮೇಲೆ ನಡೆಯುವ ಪರೀಕ್ಷೆಯೇ ನನಗೆ ಬಹಳ ಇಷ್ಟವಾದ ಭಾಗ. ಕೋಟಿಗಟ್ಟಲೆ ಬೆಲೆಯ ಸರ್ವರುಗಳನ್ನು ತರುವ ಮುಂಚೆ ಅವುಗಳ ಜಾಗದಲ್ಲಿ ಲೋಡ್ ಬ್ಯಾಂಕ್ ಎನ್ನುವ ದೊಡ್ಡ ಹೀಟರುಗಳನ್ನು ಇಡುತ್ತಾರೆ. (ಇದು ಸಾಲ ಕೊಡುವ ಬ್ಯಾಂಕಲ್ಲ.) ಅವು ಸುಳ್ಳು ಸರ್ವರುಗಳು, ಅಷ್ಟೇ ಕರೆಂಟ್ ತಿಂದು ಅಷ್ಟೇ ಬಿಸಿ ಮಾಡುತ್ತವೆ. ಪೂರ್ತಿ ಭಾರ ಏರಿದಾಗ ಬೇಕೆಂದೇ ಹೊರಗಿನ ಲೈನ್ ಕಿತ್ತುಬಿಡುತ್ತಾರೆ. ಬ್ಯಾಟರಿ ಹಿಡಿಯಿತೇ, ಜನರೇಟರ್ ಎದ್ದಿತೇ, ಪಂಪು ನಿಂತಿತೇ ಎಂದು ಎಲ್ಲರೂ ಉಸಿರು ಹಿಡಿದು ನೋಡುತ್ತಾರೆ. ಎಷ್ಟೋ ತಿಂಗಳ ಕೈಕೆಲಸಕ್ಕೆ ಅಂಕ ಬೀಳುವುದು ಆಗ.

ಈ ವಿದ್ಯೆಯನ್ನು ಅಲ್ಲಿನವರು ಕಲಿಯುವ ಕ್ರಮ ನಮ್ಮ ಹಿರಿಯರು ತಿಳಿಯಬೇಕಾದದ್ದು. ಅಲ್ಲಿ ಎಲೆಕ್ಟ್ರಿಷಿಯನ್ನರ ದೊಡ್ಡ ಕಾರ್ಮಿಕ ಸಂಘ 1891ರಲ್ಲೇ ಹುಟ್ಟಿದ್ದು. ಸಂಘವೂ ಗುತ್ತಿಗೆದಾರರೂ ಸೇರಿ ತರಬೇತಿ ನಡೆಸುತ್ತಾರೆ. ಐದು ವರ್ಷ, 8,000 ಗಂಟೆಯ ಕೆಲಸ, ಜೊತೆಗೆ ತರಗತಿ. ಮೊದಲ ದಿನದಿಂದಲೇ ಸಂಬಳ, ಕಲಿತಂತೆಲ್ಲ ಮೇಲೇರುವ ಸಂಬಳ. ಮುಗಿಸಿದವನಿಗೆ ಜರ್ನಿಮನ್ ಎಂಬ ಹೆಸರು. ಊರೂರು ತಿರುಗುವವನು ಎಂದರ್ಥವಲ್ಲ, ಫ್ರೆಂಚ್ ಭಾಷೆಯಲ್ಲಿ ದಿನ ಎನ್ನುವ ಪದದಿಂದ ಬಂದದ್ದು, ದಿನದ ಕೂಲಿ ಪಡೆಯಲು ಅರ್ಹನಾದವನು. ಅಮೆರಿಕ ಸರ್ಕಾರದ ಅಂಕಿಅಂಶದಂತೆ 2024ರಲ್ಲಿ ಅಲ್ಲಿನ ಎಲೆಕ್ಟ್ರಿಷಿಯನ್ನರ ವರ್ಷದ ಸಂಬಳ, ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವಿನವನದ್ದು, 62,350 ಡಾಲರ್. ಎಲ್ಲ ಉದ್ಯೋಗ ಸೇರಿಸಿದರೆ ನಡುವಿನವನದ್ದು 49,500. ದಯವಿಟ್ಟು ಇದನ್ನು ರೂಪಾಯಿಗೆ ಗುಣಿಸಿ ಸಂಭ್ರಮಿಸಬೇಡಿ, ಮನೆ ಬಾಡಿಗೆಯೂ ಅಲ್ಲಿ ಡಾಲರಿನಲ್ಲೇ. ನೋಡಬೇಕಾದ್ದು ಬೇರೆ: ಕಲಿಯುವ ಐದು ವರ್ಷ ಅವನ ಮೇಲೆ ಶಿಕ್ಷಣ ಸಾಲ ಬೆಳೆಯುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಲೆಕ್ಕದ ಜಮಾ ಕಡೆಯನ್ನು ಮಾತ್ರ ಓದಿದ ಹಾಗಾಗುತ್ತದೆ. ಅದೇ ವರ್ಜೀನಿಯಾ ವರದಿಯಲ್ಲಿ ಇನ್ನೆರಡು ಅಂಕಿ ಇವೆ. ಒಂದು ಡೇಟಾ ಸೆಂಟರ್ ಕಟ್ಟಲು 12ರಿಂದ 18 ತಿಂಗಳು, ಕೆಲಸ ಭರದಲ್ಲಿದ್ದಾಗ ಸುಮಾರು 1,500 ಜನ. ಕಟ್ಟಿ ಮುಗಿದ ಮೇಲೆ ಅದನ್ನು ನಡೆಸಲು? ಸುಮಾರು 50 ಜನ. ಉಳಿದ 1,450 ಮಂದಿ ಪಾನಾ, ಹೆಲ್ಮೆಟ್ ಚೀಲಕ್ಕೆ ಹಾಕಿಕೊಂಡು ಮುಂದಿನ ಕಟ್ಟಡ ಹುಡುಕಬೇಕು. ಪಕ್ಕದಲ್ಲೇ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಇನ್ನೊಂದು ರಾಜ್ಯ, ಬಾಡಿಗೆ ಕೋಣೆ, ಮಕ್ಕಳ ಮುಖ ಫೋನಿನಲ್ಲಿ. 2022ರಲ್ಲಿ ಲೌಡನ್‌ನ ವಿದ್ಯುತ್ ಕಂಪನಿ, ಹೊಸ ಕಟ್ಟಡಗಳಿಗೆ ಬೇಕಾದಷ್ಟು ಕರೆಂಟ್ ತರುವ ಲೈನುಗಳು ಇಲ್ಲ ಎಂದು ಕೈಚೆಲ್ಲಿದ್ದೂ ಉಂಟು. ದೊಡ್ಡ ಕಂಪನಿ ಬಂದರೆ ಊರಿಗೆ ಸಾವಿರಾರು ಕೆಲಸ ಎಂದು ಯಾರಾದರೂ ಭಾಷಣ ಮಾಡಿದರೆ 'ಎಷ್ಟು ತಿಂಗಳಿಗೆ ಸ್ವಾಮಿ?' ಎಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ಈ ಕಸುಬು ಕಲಿತವನು ಆಮೇಲೆ ಏನು ಮಾಡಬೇಕು? ನನ್ನ ಕಣ್ಣೆದುರು ನಡೆದದ್ದೊಂದು ಹೇಳುತ್ತೇನೆ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಒಂದೊಂದಾಗಿ ಯಂತ್ರಗಳು ಬಂದವು. ನಮ್ಮ ಶಾಖೆಯಲ್ಲೂ ಅದಕ್ಕೊಂದು ಗಾಜಿನ ಕೋಣೆ ಮಾಡಿದರು. ಮ್ಯಾನೇಜರಿಗೇ ಫ್ಯಾನು, ಕಂಪ್ಯೂಟರಿಗೆ ಎಸಿ! ದೂಳು ಹೋಗಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಹೋಗುತ್ತಿದ್ದೆವು. ಲೆಡ್ಜರ್ ಬರೆದು, ಬಡ್ಡಿ ಕಟ್ಟಿ, ಪೈಸೆ ಬಿಡದೆ ಕೂಡುವುದು ನನ್ನ ವಿದ್ಯೆಯಾಗಿತ್ತು. ಬಿಕಾಂ ಓದಿದ್ದೇ ಅದಕ್ಕೆ. ಹತ್ತು ವರ್ಷದೊಳಗೆ ಆ ವಿದ್ಯೆ ಯಾರಿಗೂ ಬೇಡವಾಯಿತು. ಆ ಕೋಣೆಗೆ ವೈರಿಂಗ್ ಮಾಡಿ, ಯುಪಿಎಸ್ ಬ್ಯಾಟರಿಗೆ ನೀರು ಹಾಕಲು ಬರುತ್ತಿದ್ದ ಎಲೆಕ್ಟ್ರಿಷಿಯನ್ನನ ವಿದ್ಯೆಗೆ ಮಾತ್ರ ಏನೂ ಆಗಲಿಲ್ಲ. ಆಸ್ಪತ್ರೆಗೂ ಅದೇ ಬೇಕು, ಮೆಟ್ರೊಗೂ ಅದೇ. ಚಿಲ್ಲರ್ ಬಲ್ಲವನಿಗೆ ಹಾಲಿನ ಡೇರಿಯಲ್ಲೂ ಕೆಲಸವಿದೆ, ಐಸ್‌ಕ್ರೀಂ ಕಾರ್ಖಾನೆಯಲ್ಲೂ ಇದೆ. ಡೇಟಾ ಸೆಂಟರ್ ಎಂಬ ಒಂದೇ ಒಂದು ಗಿರಾಕಿಯನ್ನು ನಂಬಿ ಕಲಿಯುವ ಕಸುಬಲ್ಲ ಇದು.

ಆ ಗಿರಾಕಿ ನಮ್ಮ ಕಡೆಗೂ ಬಂದಾಗಿದೆ. ಬೆಂಗಳೂರಿನ ವೈಟ್‌ಫೀಲ್ಡ್ ಸುತ್ತ ಇಂಥ ಕಟ್ಟಡಗಳಿವೆ. ಪಕ್ಕದ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಹೂಡುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಘೋಷಿಸಿದೆ. ಆದರೆ ನಮ್ಮ ಮನೆಗಳಲ್ಲಿ ಮಾತು ಇನ್ನೂ ಹಳೆಯದೇ. 'ಐಟಿಐ ಓದಿದವನಿಗೆ ಹೆಣ್ಣು ಯಾರು ಕೊಡ್ತಾರೆ?' ಎಂದು ಮೊದಲು ಕೇಳುವವರು ನಾವೇ, ಅಜ್ಜ-ಅಜ್ಜಿಯರು. ಮೊಮ್ಮಗ ಕೆಟ್ಟ ಮಿಕ್ಸಿ ಬಿಚ್ಚಿ ಸರಿಮಾಡಿದರೆ ಮೆಚ್ಚುತ್ತೇವೆ, ಅದನ್ನೇ ಕಲಿಯುತ್ತೇನೆ ಅಂದರೆ ಮುಖ ಗಂಟಿಕ್ಕುತ್ತೇವೆ. ಮೊಮ್ಮಗಳು ಅಂದರಂತೂ ಕೇಳುವುದೇ ಬೇಡ. ಲೆಕ್ಕ ಹತ್ತದ ಹುಡುಗನನ್ನು ದುಡ್ಡು ಕೊಟ್ಟು ಇಂಜಿನಿಯರಿಂಗ್‌ಗೆ ನೂಕಿ, ಆಮೇಲೆ ಸಾಲದ ಕಂತು ಕಟ್ಟಲಾಗದೆ ಕೌಂಟರಿನ ಮುಂದೆ ತಲೆತಗ್ಗಿಸಿ ನಿಂತ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಆ ತಲೆ ತಗ್ಗುವುದಕ್ಕಿಂತ ಮೊಮ್ಮಗನ ಕೈಗೆ ಗ್ರೀಸ್ ಹತ್ತುವುದು ದೊಡ್ಡ ಅವಮಾನವೇ?

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಫ್ರಿಜ್ ಮತ್ತು ಎಸಿ ಟೆಕ್ನಿಷಿಯನ್ ಎರಡೆರಡು ವರ್ಷದ ಕೋರ್ಸುಗಳು. ವೆಲ್ಡರ್ ಒಂದು ವರ್ಷ. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಕಲಿಯಬಹುದು. ಎರಡು ವರ್ಷದ ಕೋರ್ಸ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ಸೇರುವ ಮೊದಲು ಅಜ್ಜನನ್ನು ಕರೆದುಕೊಂಡು ಹೋಗಿ ವರ್ಕ್‌ಶಾಪ್ ನೋಡಿ. ಯಂತ್ರಗಳು ಓಡುತ್ತಿವೆಯೇ, ಹೊದಿಕೆ ಹೊದ್ದು ಮಲಗಿವೆಯೇ? ಒಂದು ವೆಲ್ಡಿಂಗ್ ಸೆಟ್ಟಿಗೆ ಎಷ್ಟು ಹುಡುಗರು? ಹೋದ ವರ್ಷ ಮುಗಿಸಿದವರು ಎಲ್ಲಿ ಅಪ್ರೆಂಟಿಸ್ ಮಾಡುತ್ತಿದ್ದಾರೆ? ಇಷ್ಟನ್ನೂ ನಾಚಿಕೆಪಡದೆ ಕೇಳಿ. ಹೋಗುವಾಗ ಷೂ ಹಾಕಿಕೊಂಡು ಹೋಗಿ, ಅಜ್ಜನಿಗೂ ಹಾಕಿಸಿ. ಕಬ್ಬಿಣದ ಚೂರು ಬಿದ್ದಿರುವ ಜಾಗಕ್ಕೆ ಚಪ್ಪಲಿಯಲ್ಲಿ ಹೋಗಬಾರದು.